ಮಾವನ ಕೊಪ್ಪರಿಗೆ, ನನ್ನ ಜ್ವಾಲಾಮುಖಿ

ಜ್ವಾಲಾಮುಖಿಯನ್ನು ನಾನು ಕಣ್ಣಾರೆ ಕಂಡವಳಲ್ಲ. ಗುಂಡ್ಲುಪೇಟೆಯ ನಮ್ಮ ಹೈಸ್ಕೂಲಿನಲ್ಲಿ ಪಾಠ ಮಾಡುವವರ ಪೈಕಿ ಅದನ್ನು ಕಂಡವರು ಯಾರೂ ಇರಲಿಲ್ಲ. ನಮ್ಮ ಕಡೆ ಬೆಟ್ಟಕ್ಕೆ ಬೆಂಕಿ ಅಂದರೆ ಬೇಸಿಗೆಯಲ್ಲಿ ನಮ್ಮ ತಾಲ್ಲೂಕಿನ ಮದ್ದೂರಿನ ಕಾಡಿಗೆ ಬೀಳುವ ಬೆಂಕಿ, ಅಷ್ಟೇ. ಆದರೂ ಎರಡು ಸಾವಿರದ ಐದರ ಆಚೀಚಿನ ಆ ವರ್ಷಗಳಲ್ಲಿ, ಒಂಬತ್ತನೇ ತರಗತಿಗೆ ಭೂಗೋಳ ಮಾಡುವಾಗ, ನಾನು ಜ್ವಾಲಾಮುಖಿಯ ಪಕ್ಕದ ಬೀದಿಯಲ್ಲೇ ಹುಟ್ಟಿ ಬೆಳೆದವಳ ಹಾಗೆ ಮಾತಾಡುತ್ತಿದ್ದೆ. ಜ್ವಾಲಾಮುಖಿಗಳಲ್ಲಿ ಎರಡು ಸ್ವಭಾವ ಎನ್ನುತ್ತಿದ್ದೆ. ಒಂದರ ಲಾವಾ ಗಟ್ಟಿ, ಅದು ಸಿಡುಕು ಸ್ವಭಾವದ್ದು, ಸಿಡಿದು ಊರು ಹಾಳು ಮಾಡುತ್ತದೆ. ಇನ್ನೊಂದು ಬಸಾಲ್ಟ್ ಜಾತಿಯದು, ಅದರ ಲಾವಾ ತೆಳು, ಬೆಲ್ಲದ ಪಾಕದ ಹಾಗೆ ತನ್ನ ಪಾಡಿಗೆ ಹರಿದುಹೋಗುತ್ತದೆ, ಯಾರ ತಂಟೆಗೂ ಬರುವುದಿಲ್ಲ. ಕೊನೇ ಬೆಂಚಿನ ಹುಡುಗಿಯೊಬ್ಬಳು ಎದ್ದು, ಅದು ಯಾವತ್ತೂ ಸಿಡಿಯೋದೇ ಇಲ್ವಾ ಮಿಸ್ ಎಂದು ಕೇಳಿದಾಗ, ಇಲ್ಲ, ಬರೆದುಕೋ ಎಂದಿದ್ದೆ. ಅವಳು ಬರೆದುಕೊಂಡಳು.

ಬೆಲ್ಲದ ಪಾಕದ ಹೋಲಿಕೆ ಕೊಡುವುದಕ್ಕೆ ನನಗೆ ಹಕ್ಕಿದೆ ಎಂದು ನಾನು ನಂಬಿದ್ದೆ. ನನ್ನ ಗಂಡನ ಮನೆಯವರು ಭೀಮನಬೀಡಿನವರು, ಅವರದೇ ಆಲೆಮನೆ ಇತ್ತು. ನಾನೂ ಗಂಡನೂ ಕೆಲಸಕ್ಕಾಗಿ ಗುಂಡ್ಲುಪೇಟೆಯಲ್ಲಿ ಬಾಡಿಗೆ ಮನೆ ಮಾಡಿದ್ದರೂ ಶನಿವಾರ ಮಧ್ಯಾಹ್ನದ ಹೊತ್ತಿಗೆ ಊರಿನಲ್ಲಿರುತ್ತಿದ್ದೆವು. ಗಾಣ, ಆಳು, ಮಾರಾಟ ಎಲ್ಲವನ್ನೂ ಗಂಡನ ಅಣ್ಣ, ಅಂದರೆ ನಮ್ಮ ಭಾವ, ನೋಡಿಕೊಳ್ಳುತ್ತಿದ್ದರು. ಆದರೆ ಕೊಪ್ಪರಿಗೆಯ ಮುಂದೆ ನಿಂತು ಪಾಕದ ಹದ ನೋಡುವವರು ನಮ್ಮ ಮಾವ. ಎಪ್ಪತ್ತು ದಾಟಿದ ತೆಳ್ಳನೆ ಮನುಷ್ಯ, ಹಣೆಯಲ್ಲಿ ಮೂರು ಬೆರಳು ವಿಭೂತಿ, ಹೆಗಲ ಮೇಲೊಂದು ಟವೆಲ್ಲು. ಕುದಿಯುವ ಪಾಕವನ್ನು ಸೌಟಿನ ತುದಿಯಿಂದ ತಟ್ಟೆಯ ತಣ್ಣೀರಿಗೆ ಬಿಟ್ಟು, ಎರಡು ಬೆರಳಿನಲ್ಲಿ ಉರುಳಿಸಿ ಉಂಡೆ ಮಾಡಿ, ಕೊಪ್ಪರಿಗೆಯ ಅಂಚಿಗೆ ಹೊಡೆಯುತ್ತಿದ್ದರು. ಟಣ್ ಎಂದರೆ ಇಳಿಸುವ ಹೊತ್ತು. ಐವತ್ತು ವರ್ಷದಿಂದ ಅವರು ಆ ಸದ್ದನ್ನು ಕೇಳಿಕೊಂಡೇ ಬಂದಿದ್ದರು.

ನನ್ನನ್ನು ಅವರು ಕರೆಯುತ್ತಿದ್ದದ್ದು ಮೇಷ್ಟ್ರಮ್ಮ ಎಂದು. ಅದರಲ್ಲಿ ಗೌರವ ಎಷ್ಟು, ತಮಾಷೆ ಎಷ್ಟು ಎಂಬುದು ಮದುವೆಯಾಗಿ ಆರು ವರ್ಷವಾದರೂ ನನಗೆ ತಿಳಿದಿರಲಿಲ್ಲ. ಸಾರಿಗೆ ಉಪ್ಪು ಕಮ್ಮಿಯಾದರೆ ಮೇಷ್ಟ್ರಮ್ಮನ ಇಸ್ಕೂಲಲ್ಲಿ ಉಪ್ಪಿನ ಪಾಠ ಇನ್ನೂ ಬಂದಿಲ್ಲ ಎನ್ನುವರು. ನಾನೂ ಸುಮ್ಮನಿರುವವಳಲ್ಲ, ಬರೋ ವರ್ಷದ ಸಿಲಬಸ್ಸಿನಲ್ಲಿದೆ ಮಾವ ಎನ್ನುತ್ತಿದ್ದೆ. ಅತ್ತೆ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವರಿಗೆ ಎದುರುತ್ತರ ಕೊಡುವವಳು ನಾನೊಬ್ಬಳೇ ಆಗಿದ್ದೆ, ಅದು ಅವರಿಗೆ ಇಷ್ಟವೂ ಆಗಿತ್ತು ಎಂದು ಈಗ ಅನಿಸುತ್ತದೆ.

ಆ ಆಲೆಮನೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ಪಾಕ ಹದಕ್ಕೆ ಬರುವ ಹೊತ್ತಿನಲ್ಲಿ ಹದ ನೋಡುವವರನ್ನು ಯಾರೂ ಮಾತಾಡಿಸುವ ಹಾಗಿಲ್ಲ. ಗಾಣದ ಹತ್ತಿರ ಹರಟುತ್ತಿದ್ದವರು, ಒಲೆಗೆ ಕಬ್ಬಿನ ಸಿಪ್ಪೆ ತಳ್ಳುವವರು, ಬೆಲ್ಲ ತಿನ್ನಲು ಎಲೆ ಹಿಡಿದು ನಿಂತ ನೆಂಟರು, ಎಲ್ಲರೂ ಒಟ್ಟಿಗೆ ಬಾಯಿ ಮುಚ್ಚುತ್ತಿದ್ದರು. ಭಾವ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಮೊಬೈಲನ್ನು ಕೂಡ ಆ ಹೊತ್ತಿಗೆ ಆಫ್ ಮಾಡಬೇಕಿತ್ತು. ಆ ಹತ್ತು ನಿಮಿಷ ಅಲ್ಲಿ ಕೇಳಿಸುತ್ತಿದ್ದದ್ದು ಪಾಕ ಗುಳುಗುಳು ಎನ್ನುವುದು ಮಾತ್ರ. ಬಾಯಿಬಡುಕಿ ಎಂದು ತವರಿನಲ್ಲಿ ಹೆಸರು ತೆಗೆದಿದ್ದ ನನಗೆ ಆ ಹತ್ತು ನಿಮಿಷ ದೊಡ್ಡ ಶಿಕ್ಷೆ.

ಆ ವರ್ಷ ಜಿಲ್ಲಾ ಮಟ್ಟದ ವಿಜ್ಞಾನ ವಸ್ತುಪ್ರದರ್ಶನ ಚಾಮರಾಜನಗರದಲ್ಲಿ ಎಂದು ಸುತ್ತೋಲೆ ಬಂತು. ನಮ್ಮ ಶಾಲೆಯಿಂದ ಜ್ವಾಲಾಮುಖಿಯ ಮಾದರಿ ಮಾಡಿಸುವ ಕೆಲಸ ನನ್ನ ತಲೆಗೆ ಬಿತ್ತು. ಈ ಮಾದರಿಯನ್ನು ಮಾಡದ ಶಾಲೆ ಕರ್ನಾಟಕದಲ್ಲೇ ಇಲ್ಲ. ಹುತ್ತದ ಮಣ್ಣಿನ ಗುಡ್ಡ, ನಡುವೆ ಒಂದು ಬಾಟಲಿ, ಅದರೊಳಗೆ ಅಡುಗೆ ಸೋಡಾ, ಮೇಲೆ ನಿಂಬೆ ರಸ, ಬಣ್ಣಕ್ಕೆ ಕುಂಕುಮ. ಬುಸ್ಸೆಂದು ನೊರೆ ಬರುತ್ತದೆ, ತೀರ್ಪುಗಾರರು ಆಕಳಿಸಿ ಮುಂದೆ ಹೋಗುತ್ತಾರೆ. ಈ ಸಲ ಹಾಗಾಗಕೂಡದು ಎಂದು ನನಗೆ ಹಟ. ಕುಂಕುಮದ ನೊರೆಯ ಬದಲು ನಿಜವಾದ ಬೆಲ್ಲದ ಪಾಕವನ್ನೇ ಲಾವಾ ಮಾಡಿ ಹರಿಸಿದರೆ ಹೇಗೆ ಎಂಬ ಯೋಚನೆ ಬಂತು. ಪಾಕಕ್ಕೆ ಒಂದು ಚಿಟಿಕೆ ಸೋಡಾ ಬಿದ್ದರೆ ಸಣ್ಣಗೆ ಗುಳ್ಳೆ ಎದ್ದು ಮೆಲ್ಲಗೆ ಉಕ್ಕಿ ಹರಿದೀತು, ಥೇಟ್ ಪುಸ್ತಕದಲ್ಲಿರುವ ಸಾಧು ಜ್ವಾಲಾಮುಖಿಯ ಹಾಗೆ, ಎಂದು ಲೆಕ್ಕ ಹಾಕಿದೆ.

ಮಾಡಿ ನೋಡಬೇಕಲ್ಲ. ಆ ಭಾನುವಾರ ಬೆಳಿಗ್ಗೆ ಸೋಡಾದ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು ಆಲೆಮನೆಗೆ ಹೋದೆ. ಒಂದು ಸೌಟು ಪಾಕ ಬೇರೆ ಪಾತ್ರೆಗೆ ಕೊಡಿ ಮಾವ ಎಂದು ಕೇಳಿದ್ದರೆ ಖಂಡಿತ ಕೊಡುತ್ತಿದ್ದರು. ಆದರೆ ನಾನು ಹೋದದ್ದೇ ಸರಿಯಾಗಿ ಬಾಯಿ ಮುಚ್ಚುವ ಹೊತ್ತಿಗೆ. ಪಾಕ ಗಟ್ಟಿಯಾಗಿ ಹೊಂಬಣ್ಣಕ್ಕೆ ತಿರುಗಿತ್ತು, ಮಾವ ತಟ್ಟೆಗೆ ತಣ್ಣೀರು ಹಾಕಿಕೊಳ್ಳಲು ಆಚೆ ತಿರುಗಿದ್ದರು, ಉಳಿದವರ ಕಣ್ಣೆಲ್ಲ ಅವರ ಮೇಲಿತ್ತು. ಮಾತಾಡುವ ಹಾಗಿಲ್ಲ. ಕಾಯುವ ತಾಳ್ಮೆ ನನಗಿಲ್ಲ. ಒಂದೇ ಒಂದು ಚಿಟಿಕೆಗೆ ಏನಾದೀತು ಎಂದು ಪೊಟ್ಟಣದ ಮೂಲೆಯನ್ನು ಹಲ್ಲಿನಲ್ಲಿ ಹರಿದೆ. ಅದು ಮೂಲೆಯಲ್ಲಿ ಹರಿಯುವ ಬದಲು ಉದ್ದಕ್ಕೆ ಸೀಳಿತು, ಅರ್ಧಕ್ಕರ್ಧ ಸೋಡಾ ಕೊಪ್ಪರಿಗೆಯೊಳಗೆ ಸುರಿಯಿತು.

ಮೊದಲು ಏನೂ ಆಗಲಿಲ್ಲ. ಆಮೇಲೆ ನಡುವೆ ಉಬ್ಬಿದ ಗುಳ್ಳೆಯ ಒಂದು ಗುಬುಟು ಎದ್ದಿತು. ಅದು ಒಡೆಯಲಿಲ್ಲ, ಬೆಳೆಯಿತು. ನೋಡನೋಡುತ್ತಿದ್ದ ಹಾಗೆ ಇಡೀ ಕೊಪ್ಪರಿಗೆ ಮೇಲಕ್ಕೆ ಏರಿ, ಕಂದು ನೊರೆಯೆಲ್ಲ ಅಂಚು ದಾಟಿ ಒಲೆಯ ಬಾಯಿಗೆ ಇಳಿಯಿತು. ಒಲೆ ಭಗ್ಗೆಂದಿತು. ಗಟ್ಟಿ ಪಾಕದ ತುಣುಕುಗಳು ಚಟಪಟ ಸಿಡಿದವು. ಮಾವ ಎಲ್ಲರನ್ನೂ ಹಿಂದಕ್ಕೆ ತಳ್ಳಿ, ಹರಳೆಣ್ಣೆಯ ಡಬ್ಬವನ್ನೇ ಎತ್ತಿ ಸುರಿದರು. ಸಾಮಾನ್ಯವಾಗಿ ಎರಡು ಹನಿ ಹರಳೆಣ್ಣೆಗೆ ಉಕ್ಕು ಇಳಿಯುತ್ತದೆ, ಆ ದಿನ ಡಬ್ಬ ಖಾಲಿಯಾದರೂ ಇಳಿಯಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ, ಮಾವನ ಮುಂಗೈ ಮೇಲೆ ಮಾತ್ರ ಒಂದು ಹನಿ ಬಿದ್ದು ಬೊಬ್ಬೆ ಎದ್ದಿತ್ತು. ಒಂದು ಕೊಪ್ಪರಿಗೆ ಬೆಲ್ಲ ಹೊಗೆಯಾಗಿ ಹೋಯಿತು, ಸೀದ ವಾಸನೆ ಊರೆಲ್ಲ ತುಂಬಿತು.

ಆ ಕ್ಷಣದಲ್ಲಿ ಬಾಯಿ ಬಿಡಬೇಕಿತ್ತು. ಪೊಟ್ಟಣ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು. ಅಷ್ಟರಲ್ಲಿ ಭಾವ ಓಡಿ ಬಂದರು, ಸುಣ್ಣದ ತಿಳಿ ಜಾಸ್ತಿ ಹಾಕಿದ್ದೀರಾ ಎಂದು ಕೇಳಿದರು, ಎಣ್ಣೆ ಬಿಡೋದು ತಡವಾಯಿತೇ ಎಂದು ಕೇಳಿದರು. ಮಾವ ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತಾ ನಿಂತಿದ್ದರು. ನಾಲ್ಕು ಜನ ಆಳುಗಳು, ಇಬ್ಬರು ನೆಂಟರು ಸುತ್ತ ನೆರೆದಿದ್ದರು. ನಾನು ಓದಿದವಳು, ಮೇಷ್ಟ್ರಮ್ಮ, ಪ್ರದರ್ಶನಕ್ಕೆ ಹೊರಟ ಹುಡುಗಿಯರಿಗೆ ಪ್ರಯೋಗದ ಮುನ್ನೆಚ್ಚರಿಕೆಗಳನ್ನು ಬೋರ್ಡಿನ ಮೇಲೆ ಬರೆದುಕೊಟ್ಟವಳು. ಪೊಟ್ಟಣವನ್ನು ಮತ್ತೆ ಸೆರಗಿಗೆ ಸೇರಿಸಿ, ಅಯ್ಯೋ ಪಾಪ ಎಂದೆ. ಹಾಗೆ ಅಂದದ್ದು ನೆನಪಾದರೆ ಇಂದಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಮಾರನೆಯ ವಾರ ಊರಿಗೆ ಹೋದಾಗ ಕೊಪ್ಪರಿಗೆಯ ಮುಂದೆ ಮಂಡ್ಯ ಕಡೆಯ ಒಬ್ಬರು ನಿಂತಿದ್ದರು. ಅಪ್ಪನಿಗೆ ವಯಸ್ಸಾಯ್ತು, ಇನ್ನು ಅವರು ಕೂತು ಉಣ್ಣಲಿ ಎಂದು ಭಾವ ತೀರ್ಮಾನ ಮಾಡಿದ್ದರು. ಒಳ್ಳೆ ಮನಸ್ಸಿನಿಂದಲೇ ಮಾಡಿದ್ದರು, ಅದಕ್ಕೇ ಅವರನ್ನು ಬಯ್ಯುವುದಕ್ಕೂ ಆಗಲಿಲ್ಲ. ಮಾವ ಜಗಲಿಯ ಮೇಲೆ ಕೂತು ಉಣ್ಣುತ್ತಿದ್ದರು. ಒಂದು ವಿಷಯ ನನಗೆ ವಿಚಿತ್ರ ಕಂಡಿತು. ಸಾರು ಬಡಿಸಿದರೆ ಮೊದಲು ಎರಡು ಬೆರಳು ಅದ್ದಿ, ಉಜ್ಜಿ ನೋಡುತ್ತಿದ್ದರು. ಮುದ್ದೆಯಿಂದ ಒಂದಿಷ್ಟು ಮುರಿದು ಉಂಡೆ ಉರುಳಿಸಿ, ಬಾಯಿಗೆ ಹಾಕಿಕೊಳ್ಳದೆ ಎಲೆಯ ಅಂಚಿಗಿಡುತ್ತಿದ್ದರು. ಉಪ್ಪಿನ ಪಾಠ ಇವತ್ತು ಆಗಿದೆ ಮಾವ ಎಂದು ನಾನು ಕೆಣಕಿದೆ. ಅವರು ತಲೆಯಾಡಿಸಿದರು. ಎದುರುತ್ತರ ಬಾರದ ತಮಾಷೆ ಎಷ್ಟು ಸಪ್ಪೆಯೆಂದು ಆ ದಿನ ತಿಳಿಯಿತು.

ಹೇಳಬೇಕು ಹೇಳಬೇಕು ಎಂದುಕೊಳ್ಳುತ್ತಲೇ ಮೂರು ವಾರ ಕಳೆದವು. ಗಂಡನಿಗೆ ಹೇಳೋಣವೆಂದರೆ ಅವರು ಬಸ್ಸು ತಪ್ಪಿದರೂ ಅಣ್ಣನಿಗೆ ಫೋನು ಮಾಡುವ ಆಸಾಮಿ. ಪ್ರದರ್ಶನ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದು ನನಗೆ ನಾನೇ ವಾಯಿದೆ ಕೊಟ್ಟುಕೊಂಡೆ. ಮಾದರಿಯೇನೋ ಸಿದ್ಧವಾಯಿತು. ಪಾಕದ ಸಹವಾಸ ಬಿಟ್ಟು, ಬೆಲ್ಲವನ್ನು ನೀರಿನಲ್ಲಿ ತೆಳ್ಳಗೆ ಕರಗಿಸಿ ಹುತ್ತದ ಮಣ್ಣಿನ ಗುಡ್ಡದ ಮೇಲಿಂದ ಹರಿಯಬಿಡುವುದು ಎಂದಾಯಿತು. ಪಕ್ಕದಲ್ಲಿಡಲು ನಮ್ಮ ಜಿಲ್ಲೆಯ ಕ್ವಾರಿಯ ಒಂದು ತುಂಡು ಕರಿಕಲ್ಲು. ಭೂಮಿಯ ಬಿರುಕಿನಲ್ಲಿ ಮೇಲೆ ಬರುತ್ತಾ ಅರ್ಧ ದಾರಿಯಲ್ಲೇ ತಣ್ಣಗಾಗಿ ನಿಂತುಬಿಟ್ಟ ಬಸಾಲ್ಟ್ ಜಾತಿಯ ಕಲ್ಲು ಅದು ಎಂದು ಒಂದು ಚಾರ್ಟು. ಇನ್ನೊಂದು ಚಾರ್ಟಿನಲ್ಲಿ ದಪ್ಪ ಅಕ್ಷರದಲ್ಲಿ, ಬಸಾಲ್ಟ್ ಜ್ವಾಲಾಮುಖಿ ಸಿಡಿಯುವುದಿಲ್ಲ.

ಮಣ್ಣಿನ ಗುಡ್ಡ ಭಾರವಿತ್ತು. ಬಸ್ಸಿನಲ್ಲಿ ಹಿಡಿದುಕೊಳ್ಳಲು ಜೊತೆಗೊಬ್ಬರು ಬೇಕಿತ್ತು. ಗಂಡನಿಗೆ ಆಫೀಸು. ಅಪ್ಪನನ್ನು ಕರಕೊಂಡು ಹೋಗು, ಹೆಂಗೂ ಸುಮ್ಮನೆ ಕೂತವ್ರೆ ಎಂದು ಭಾವ ಹೇಳಿದರು. ಹೀಗೆ ಮಾವ ನನ್ನ ಜ್ವಾಲಾಮುಖಿಯನ್ನು ಹಸುಳೆಯ ಹಾಗೆ ತೊಡೆಯ ಮೇಲಿಟ್ಟುಕೊಂಡು, ತೆರಕಣಾಂಬಿಯ ರಸ್ತೆಯ ಹಂಪುಗಳಲ್ಲೆಲ್ಲ ಅದರ ತಲೆಗೆ ಕೈ ಅಡ್ಡ ಹಿಡಿದು, ಚಾಮರಾಜನಗರ ಮುಟ್ಟಿಸಿದರು. ನಾನು ಮತ್ತು ಇಬ್ಬರು ಹುಡುಗಿಯರು ಚಾರ್ಟು ಹಿಡಿದು ಹಿಂದಿನ ಸೀಟಿನಲ್ಲಿದ್ದೆವು. ದಾರಿಯುದ್ದಕ್ಕೂ ನನಗೆ ಮಾವನ ಮುಂಗೈ ಮೇಲಿನ ಕಲೆಯೇ ಕಾಣುತ್ತಿತ್ತು.

ಪ್ರದರ್ಶನದ ಹಾಲಿನಲ್ಲಿ ನಾನು ಎಣಿಸಿದಂತೆ ಇನ್ನೂ ನಾಲ್ಕು ಜ್ವಾಲಾಮುಖಿಗಳಿದ್ದವು, ಎಲ್ಲಕ್ಕೂ ಕುಂಕುಮ. ನಮ್ಮದರ ಮುಂದೆ ನಿಂತ ತೀರ್ಪುಗಾರರು ಮೈಸೂರಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾದವರು, ಬಿಳಿ ಗಡ್ಡದವರು. ಬೆಲ್ಲದ ನೀರು ಹರಿಯುವುದನ್ನು ಇಷ್ಟಪಟ್ಟು ನೋಡಿದರು, ಕರಿಕಲ್ಲನ್ನು ಸವರಿದರು. ಆಮೇಲೆ ಚಾರ್ಟಿನ ಮೇಲೆ ಬೆರಳಿಟ್ಟು, ಸಿಡಿಯುವುದೇ ಇಲ್ಲವೇ ಎಂದು ಕೇಳಿದರು. ಇಲ್ಲ ಸಾರ್ ಎಂದೆ. ಅವರು ನಕ್ಕರು. ಬಹಳ ಸಲ ಸಿಡಿಯುವುದಿಲ್ಲ ನಿಜ, ಆದರೆ ಇಟಲಿಯಲ್ಲೂ ನ್ಯೂಜಿಲೆಂಡಿನಲ್ಲೂ ಇದೇ ತೆಳು ಲಾವಾದ ಬೆಟ್ಟಗಳು ಭಾರೀ ಸಿಡಿದದ್ದುಂಟು ಎಂದರು. ಕರಗಿದ ಕಲ್ಲು ಅವಸರದಲ್ಲಿ ಮೇಲೇರಿದರೆ ಅದರೊಳಗೆ ಒಮ್ಮೆಲೇ ಸಾವಿರಾರು ಸಣ್ಣ ಹರಳು ಕಟ್ಟಿಕೊಳ್ಳುತ್ತವೆ, ತೆಳುವಾಗಿದ್ದದ್ದು ಗಳಿಗೆಯಲ್ಲಿ ಗಟ್ಟಿಯಾಗುತ್ತದೆ, ಒಳಗಿನ ಅನಿಲಕ್ಕೆ ಹೊರಗೆ ಹೋಗಲು ದಾರಿಯಿಲ್ಲದೆ ಎಲ್ಲವನ್ನೂ ಚೂರು ಮಾಡಿಕೊಂಡೇ ಹೊರಬರುತ್ತದೆ ಎಂದು ವಿವರಿಸಿದರು. ಸಾಧು ಅಂತ ಹೆಸರಾದವರ ಹತ್ತಿರ ಸ್ವಲ್ಪ ಹುಷಾರಾಗಿರಬೇಕು ಮೇಡಂ ಎಂದರು.

ನನಗೆ ಕೊಪ್ಪರಿಗೆ ಕಣ್ಣ ಮುಂದೆ ಬಂತು. ತೆಳು ಕಬ್ಬಿನ ಹಾಲಿದ್ದಾಗ ಸೋಡಾ ಬಿದ್ದಿದ್ದರೆ ಬುಸ್ಸೆಂದು ಸುಮ್ಮನಾಗುತ್ತಿತ್ತೋ ಏನೋ. ನಾನು ಸುರಿದದ್ದು ಹರಳುಗಟ್ಟಲು ಹೊರಟ ಪಾಕಕ್ಕೆ. ಆ ಗುಬುಟು ಒಡೆಯದೆ ಯಾಕೆ ಬೆಳೆಯಿತು ಎಂಬುದು ಅಲ್ಲಿ ನಿಂತಲ್ಲೇ ಅರ್ಥವಾಯಿತು. ಅಷ್ಟರಲ್ಲಿ ತೀರ್ಪುಗಾರರು ಮೇಜಿನ ಹಿಂದೆ ಕುರ್ಚಿಯ ತುದಿಯಲ್ಲಿ ಕೂತಿದ್ದ ಮಾವನ ಕಡೆ ತಿರುಗಿದ್ದರು. ಇವರು ಆಲೆಮನೆಯವರು, ಪಾಕ ನೋಡುವವರು ಎಂದು ನಮ್ಮ ಹುಡುಗಿಯರು ಆಗಲೇ ಹೇಳಿಬಿಟ್ಟಿದ್ದರು. ನಿಮ್ಮ ಅನುಭವದಲ್ಲಿ ಪಾಕ ಹೀಗೆ ಸಿಡಿದದ್ದುಂಟೇ ಯಜಮಾನರೇ ಎಂದು ಅವರು ಬಹಳ ಮರ್ಯಾದೆಯಿಂದ ಕೇಳಿದರು.

ಮಾವ ಎದ್ದು ನಿಂತರು. ಟವೆಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಒಂದೇ ಒಂದ್ ಸಲ ಆಯ್ತು ಸ್ವಾಮಿ, ಈ ವರ್ಸ. ಅದು ಪಾಕದ್ ತಪ್ಪಲ್ಲ. ವಯಸ್ಸಾಯ್ತು ನಂಗೆ, ಬೆರಳಿಗೆ ಹದ ತಿಳಿಯೋದು ನಿಂತೋಯ್ತು. ಈಗ ಬುಟ್ಬುಟ್ಟಿವ್ನಿ."

ಅವರು ಅದನ್ನು ಯಾರ ಮೇಲೂ ದೂರಿಲ್ಲದೆ, ಊರಿನ ದಾರಿ ಹೇಳುವ ಹಾಗೆ ಹೇಳಿದರು. ಸಾರಿನೊಳಗೆ ಅದ್ದಿದ ಬೆರಳು, ಎಲೆಯ ಅಂಚಿಗಿಟ್ಟ ಮುದ್ದೆಯ ಉಂಡೆ, ಎಲ್ಲ ನನಗೆ ಒಟ್ಟಿಗೆ ತಿಳಿಯಿತು. ಮೂರು ವಾರದಿಂದ ಅವರು ಬೆರಳನ್ನು ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ನಾನು ಅವರ ಕೆಲಸವನ್ನಷ್ಟೇ ಕಳೆದೆ ಎಂದುಕೊಂಡಿದ್ದೆ. ಐವತ್ತು ವರ್ಷ ನಂಬಿದ್ದ ಎರಡು ಬೆರಳಿನ ಮೇಲಿನ ನಂಬಿಕೆಯನ್ನೇ ಕಳೆದಿದ್ದೆ.

"ಅವರ ತಪ್ಪಲ್ಲ ಸಾರ್," ಎಂದೆ. "ಸೋಡಾ ಹಾಕಿದ್ದು ನಾನು. ಅರ್ಧ ಪೊಟ್ಟಣ. ಹದಕ್ಕೆ ಬಂದ ಪಾಕಕ್ಕೆ."

ಇಬ್ಬರು ಹುಡುಗಿಯರು ನನ್ನನ್ನು ನೋಡಿದರು. ಪಕ್ಕದ ಮೇಜಿನಲ್ಲಿ ಟ್ರಾಫಿಕ್ ಸಿಗ್ನಲ್ಲಿನ ಮಾದರಿ ತಂದಿದ್ದ ಮೇಷ್ಟ್ರು ಕೂಡ ಕಿವಿ ಈ ಕಡೆ ತಿರುಗಿಸಿದರು. ತೀರ್ಪುಗಾರರು ಗಡ್ಡ ಸವರುತ್ತಾ, ಪ್ರಯೋಗದ ದೃಷ್ಟಿಯಿಂದ ಸರಿಯಾದ ಹೊತ್ತನ್ನೇ ಆರಿಸಿದ್ದೀರಿ ಎಂದರು. ನಾನು ಮಾವನ ಮುಖ ನೋಡಲು ಧೈರ್ಯ ಸಾಲದೆ ಅವರ ಕೈ ನೋಡುತ್ತಿದ್ದೆ. ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಮೆಲ್ಲಗೆ ಉಜ್ಜಿಕೊಂಡವು.

"ಅಂಗಾರೆ ನನ್ ಬೆರಳು ಕೆಟ್ಟಿಲ್ಲ ಅನ್ನು," ಎಂದರು ಮಾವ.

ಕೆಟ್ಟಿಲ್ಲ ಮಾವ ಎಂದೆ. ಅವರು ಕೂತರು. ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಸ್ವಲ್ಪ ಜಾಸ್ತಿ ಹೊತ್ತೇ ಒರೆಸಿಕೊಂಡರು. ನಾನು ಹುಡುಗಿಯರ ಕೈಯಿಂದ ಮಾರ್ಕರ್ ತೆಗೆದುಕೊಂಡು ಚಾರ್ಟಿನಲ್ಲಿ ಸಿಡಿಯುವುದಿಲ್ಲ ಎಂಬುದನ್ನು ಹೊಡೆದುಹಾಕಿ, ಒಮ್ಮೊಮ್ಮೆ ಸಿಡಿಯುತ್ತದೆ ಎಂದು ಬರೆದೆ. ಕೊನೇ ಬೆಂಚಿನವಳು ಆ ಇಬ್ಬರಲ್ಲಿ ಒಬ್ಬಳಾಗಿದ್ದಳು, ನೋಟ್ಸಿನಲ್ಲೂ ತಿದ್ದಿಕೊಳ್ಳಲಾ ಮಿಸ್ ಎಂದು ಕೇಳಿದಳು. ಅವಳ ದನಿಯಲ್ಲಿ ಸಂತೋಷ ಎದ್ದು ಕಾಣುತ್ತಿತ್ತು. ಮೊದಲ ಬಹುಮಾನ ಟ್ರಾಫಿಕ್ ಸಿಗ್ನಲ್ಲಿಗೆ ಹೋಯಿತು. ನಮಗೆ ಸಮಾಧಾನಕರ ಬಹುಮಾನವೆಂದು ಒಂದು ಸ್ಟೀಲ್ ತಟ್ಟೆ ಕೊಟ್ಟರು.

ವಾಪಸು ಬರುವಾಗ ಮಾವ ಕಿಟಕಿಯ ಪಕ್ಕ ಕೂತರು, ಜ್ವಾಲಾಮುಖಿಯನ್ನು ನನ್ನ ತೊಡೆಯ ಮೇಲಿಟ್ಟರು. ಹೊತ್ಕೊ, ನಿಂದೇ ತಾನೇ ಎಂದರು. ಅದು ಸಿಟ್ಟೋ ತಮಾಷೆಯೋ ಎಂದು ತೆರಕಣಾಂಬಿ ಬರುವವರೆಗೆ ನಾನು ಒದ್ದಾಡಿದೆ. ಕೊನೆಗೆ ನಾನೇ, ಕ್ಷಮಿಸಿ ಮಾವ, ಹೆದರಿಕೊಂಡುಬಿಟ್ಟೆ ಎಂದೆ. ಅವರು ಕಿಟಕಿಯ ಹೊರಗೇ ನೋಡುತ್ತಾ, ಕೊಪ್ಪರಿಗೆ ಓದ್ರೆ ಓಗ್ಲಿ ಕಣವ್ವ, ಬೆಲ್ಲ ಮತ್ತೆ ಆಯ್ತದೆ, ನನ್ನ ಸುಮ್ನೆ ಮುದುಕನ್ನ ಮಾಡ್ಬುಟ್ಟಲ್ಲ ಎಂದರು. ಅದರಲ್ಲಿ ತಮಾಷೆ ಇರಲಿಲ್ಲ. ನಾನು ಅತ್ತುಬಿಟ್ಟೆ, ಅವರು ನನ್ನನ್ನು ಅಳಲು ಬಿಟ್ಟರು.

ಆ ಸಂಜೆಯೇ ನಾನು ಭಾವನಿಗೂ ಆಳುಗಳಿಗೂ ಎಲ್ಲ ಹೇಳಿದೆ. ಭಾವ ಎರಡು ದಿನ ನನ್ನೊಡನೆ ಮಾತಾಡಲಿಲ್ಲ, ಮೂರನೆಯ ದಿನ ಅಪ್ಪನ ಮುಂದೆ ಹೋಗಿ ನಿಂತು, ನಾಳೆಯಿಂದ ನೀವೇ ಬನ್ನಿ ಎಂದರು. ಮಂಡ್ಯ ಕಡೆಯವರು ಬೇಜಾರಿಲ್ಲದೆ ಅಚ್ಚಿಗೆ ಬೆಲ್ಲ ಹುಯ್ಯುವ ಕೆಲಸಕ್ಕೆ ಸರಿದರು. ಮೊದಲ ಕೊಪ್ಪರಿಗೆಯ ದಿನ ಭಾನುವಾರ. ನಾನೂ ಹೋದೆ, ಕೊಪ್ಪರಿಗೆಯಿಂದ ಹತ್ತು ಹೆಜ್ಜೆ ದೂರ, ಬೇಲಿಯ ಹತ್ತಿರ ನಿಂತೆ.

ಪಾಕ ಗಟ್ಟಿಯಾಯಿತು, ಬಣ್ಣ ತಿರುಗಿತು. ಎಲ್ಲರೂ ಬಾಯಿ ಮುಚ್ಚಿದರು. ಮಾವ ಸೌಟಿನ ತುದಿಯಿಂದ ತಟ್ಟೆಯ ನೀರಿಗೆ ಪಾಕ ಬಿಟ್ಟರು. ಬೆರಳನ್ನು ನೀರಿನ ಹತ್ತಿರ ತಂದು, ತಡೆದು ನಿಂತರು. ಬೆರಳು ಕೆಟ್ಟಿಲ್ಲ ಎಂದು ತಿಳಿದಮೇಲೂ ನೀರಿಗೆ ಹಾಕಲು ಅವರಿಗೆ ಧೈರ್ಯ ಬರುತ್ತಿಲ್ಲ ಎಂಬುದು ದೂರದಿಂದಲೇ ನನಗೆ ಕಂಡಿತು. ಕೂಗಬೇಕೆನಿಸಿತು, ಕೂಗುವ ಹಾಗಿಲ್ಲ. ಪಾಕ ಗುಳುಗುಳು ಎನ್ನುತ್ತಿತ್ತು, ಇನ್ನು ಸ್ವಲ್ಪ ತಡವಾದರೆ ಅದೂ ಸೀಯುತ್ತಿತ್ತು.

ಆಗ ಮಾವ ತಲೆ ಎತ್ತಿ, ಐವತ್ತು ವರ್ಷ ಆ ಹೊತ್ತಿನಲ್ಲಿ ಯಾರಿಗೂ ಮಾತಾಡಲು ಬಿಡದಿದ್ದವರು, ತಾವೇ ಮಾತಾಡಿದರು.

"ಮೇಷ್ಟ್ರಮ್ಮ, ಸೋಡ ಗೀಡ ತಂದಿದ್ದೀಯೇನವ್ವ?"

ಆಳುಗಳು ನಗುವುದೋ ಬೇಡವೋ ತಿಳಿಯದೆ ಭಾವನ ಮುಖ ನೋಡಿದರು. ನಾನು ಸೆರಗಿನ ತುದಿಯನ್ನು ಕೊಡವಿ, ಎರಡು ಅಂಗೈಯನ್ನೂ ಬಿಡಿಸಿ, ಅವರಿಗೆ ಕಾಣುವ ಹಾಗೆ ಎತ್ತಿ ಹಿಡಿದೆ. ಮಾವ ಎರಡೂ ಕೈಯನ್ನು ಸರಿಯಾಗಿ ನೋಡಿದರು. ಆಮೇಲೆ ಬೆರಳನ್ನು ನೀರಿಗಿಳಿಸಿ, ಉಂಡೆ ಉರುಳಿಸಿ, ಅಂಚಿಗೆ ಹೊಡೆದರು. ಟಣ್ ಎಂದದ್ದು ಬೇಲಿಯವರೆಗೂ ಕೇಳಿಸಿತು.

"ಇಳಿಸ್ರಲಾ," ಎಂದರು.